ವೃದ್ಧೆಗೆ ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟ ಸಂತ ಜೀನ್ ಜುಗಾನ್

ಆಗಸ್ಟ್ 30 ಸಂತ ಜೀನ್ ಜುಗಾನ್ ಅವರ ಸ್ಮರಣೆಯ ದಿನ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಅವರ ಸಭೆಯ ಸಹೋದರಿಯರು ನಡೆಸುವ ವೃದ್ಧಾಶ್ರಮವನ್ನು ಬಲ್ಲವರಿಗೆ ಈ ಹೆಸರು ಹೊಸದಲ್ಲ. ಆದರೆ ಆ ಹೆಸರಿನ ಹಿಂದಿರುವ ಬಾಳಿನ ಕಥೆಯನ್ನು ಅರಿತವರು ನಮ್ಮ ಕುಟುಂಬಗಳಲ್ಲಿ ಕಡಿಮೆ. ಸಂತ ಅಂತೋನಿಯವರ ಪವಾಡಗಳನ್ನು ನಮ್ಮ ಮಕ್ಕಳೂ ಹೇಳಬಲ್ಲರು. ಜೀನ್ ಅವರ ಬಾಳಿನಲ್ಲಿ ಹಾಗೆ ಹೇಳಿಕೊಳ್ಳುವಂಥ ಅದ್ಭುತಗಳಿಲ್ಲ. ಅಲ್ಲಿರುವುದು ಬಹುಪಾಲು ಮನೆಗೆಲಸ.

ನಮ್ಮ ಮನೆಗಳ ಮಕ್ಕಳು ಕೊಲ್ಲಿ ರಾಷ್ಟ್ರಗಳಿಗೂ ದೊಡ್ಡ ನಗರಗಳಿಗೂ ಹೋಗಿ ನೆಲೆಸಿದ ಮೇಲೆ ವೃದ್ಧ ತಂದೆತಾಯಿಗಳನ್ನು ಆಶ್ರಮಕ್ಕೆ ಸೇರಿಸುವುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹಾಗೆ ಸೇರಿಸುವುದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ಎಷ್ಟೋ ಮನೆಗಳಲ್ಲಿ ಬೇರೆ ದಾರಿಯೇ ಇರುವುದಿಲ್ಲ. ನಮ್ಮ ಮನಸ್ಸನ್ನು ಕಾಡುವುದು ಸೇರಿಸಿದ ನಂತರದ ದಿನಗಳು. ಒಮ್ಮೆ ಕ್ರಿಸ್ಮಸ್ ಸಮಯದಲ್ಲಿ ಯುವಜನರೊಡನೆ ಕ್ಯಾರಲ್ ಹಾಡಲು ನಾವು ಒಂದು ಆಶ್ರಮಕ್ಕೆ ಹೋಗಿದ್ದೆವು. ಕೊಠಡಿ ಶುಭ್ರವಾಗಿತ್ತು, ಗೋದಲಿ ಸೊಗಸಾಗಿತ್ತು. ಮೂಲೆಯ ಮಂಚದಲ್ಲಿದ್ದ ಅಜ್ಜಿಯೊಬ್ಬರ ಚಹಾ ಮಾತ್ರ ಅವರ ಕೈಗೆಟುಕದ ಮೇಜಿನ ಮೇಲೆ ಕೆನೆಗಟ್ಟಿ ತಣ್ಣಗಾಗಿತ್ತು. ತಂದಿಟ್ಟ ಆಯಾ, ಚಹಾ ಕೊಟ್ಟಾಯಿತೆಂದೇ ತಿಳಿದಿರಬೇಕು. ಆಕೆಯನ್ನು ದೂಷಿಸಲು ನಮಗೆ ಮನಸ್ಸಾಗಲಿಲ್ಲ. ಆ ಸಂಜೆ ಆ ಇಡೀ ಕೊಠಡಿಗೆ ಆಕೆಯೊಬ್ಬಳೇ ಇದ್ದಳು. ಆರೈಕೆ ಅರ್ಧಕ್ಕೆ ನಿಲ್ಲುವುದೆಂದರೆ ಇದೇ. ಯಾರೂ ಹೊಡೆದಿಲ್ಲ, ಬೈದಿಲ್ಲ, ಚಹಾ ಬಂದಿದೆ. ಆದರೆ ಅಜ್ಜಿ ಕುಡಿದಿಲ್ಲ.

ಜೀನ್ ಜುಗಾನ್ ಅವರ ಬಾಳನ್ನು ಆ ಚಹಾ ಲೋಟದ ನೆನಪಿನೊಡನೆ ಓದಿದಾಗ ಅದು ನಮಗೆ ಬೇರೆಯಾಗಿಯೇ ಕಂಡಿತು.

ಫ್ರಾನ್ಸ್ ದೇಶದ ಪಶ್ಚಿಮ ಅಂಚಿನಲ್ಲಿ ಬ್ರಿಟನಿ ಎಂಬ ಪ್ರಾಂತ್ಯವಿದೆ. ಅಲ್ಲಿನ ಕಾಂಕಾಲ್ ಎಂಬ ಮೀನುಗಾರರ ಊರಿನಲ್ಲಿ 1792ರ ಅಕ್ಟೋಬರ್ 25ರಂದು ಜೀನ್ ಜನಿಸಿದರು. ಎಂಟು ಮಕ್ಕಳಲ್ಲಿ ಅವರು ಆರನೆಯವರು. ಅದು ಫ್ರೆಂಚ್ ಮಹಾಕ್ರಾಂತಿಯ ಕಾಲ. ಧರ್ಮಸಭೆಗೆ ಕಷ್ಟದ ದಿನಗಳು. ಮಗುವಿಗೆ ನಾಲ್ಕು ವರ್ಷ ಆಗುವಷ್ಟರಲ್ಲೇ ಮೀನು ಹಿಡಿಯಲು ದೂರ ಸಮುದ್ರಕ್ಕೆ ಹೋದ ತಂದೆ ಹಿಂದಿರುಗಲಿಲ್ಲ. ಹೀಗೆ ತಂದೆಯನ್ನು ಕಡಲಿಗೆ ಕಳೆದುಕೊಂಡ ಮನೆಯ ಸ್ಥಿತಿಯನ್ನು ನಮ್ಮ ಕರಾವಳಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಾಯಿ ಕೂಲಿ ಮಾಡಿ ಮಕ್ಕಳನ್ನು ಸಾಕಿದರು, ಪ್ರಾರ್ಥನೆಗಳನ್ನು ಗುಟ್ಟಾಗಿ ಮನೆಯಲ್ಲೇ ಕಲಿಸಿದರು. ಜೀನ್ ದನ ಕಾಯುತ್ತಾ ಉಣ್ಣೆ ಹೆಣೆಯಲು ಕಲಿತರು. ಹದಿನಾರನೆಯ ವಯಸ್ಸಿಗೆ ಸಮೀಪದ ಶ್ರೀಮಂತ ಮನೆಯೊಂದರಲ್ಲಿ ಅಡುಗೆಮನೆಯ ಕೆಲಸಕ್ಕೆ ಸೇರಿದರು. ಆ ಮನೆಯ ಒಡತಿ ಬಡವರನ್ನೂ ರೋಗಿಗಳನ್ನೂ ಕಾಣಲು ಹೋಗುವಾಗ ಈ ಹುಡುಗಿಯನ್ನೂ ಜತೆಗೆ ಕರೆದೊಯ್ಯುತ್ತಿದ್ದರು. ನಾವಿಕನೊಬ್ಬನು ಮದುವೆಯ ಪ್ರಸ್ತಾಪ ತಂದಾಗ ಜೀನ್ ಒಪ್ಪಲಿಲ್ಲ. ದೇವರು ತಮ್ಮನ್ನು ಇನ್ನೂ ಆರಂಭವಾಗದ ಯಾವುದೋ ಕಾರ್ಯಕ್ಕೆ ಕಾದಿರಿಸಿದ್ದಾರೆಂಬ ಭಾವನೆ ಅವರಲ್ಲಿತ್ತು. ಆ ಕಾರ್ಯ ಆರಂಭವಾದಾಗ ಅವರ ವಯಸ್ಸು ನಲವತ್ತೇಳು ಎಂಬುದನ್ನು ಓದುಗರು ಗಮನಿಸಬೇಕು.

1817ರಲ್ಲಿ ಜೀನ್ ಊರು ಬಿಟ್ಟು ಸಮೀಪದ ಬಂದರು ಪಟ್ಟಣವಾದ ಸೇಂಟ್ ಸರ್ವಾನ್‌ಗೆ ಬಂದು ರೊಸೇ ಆಸ್ಪತ್ರೆಯಲ್ಲಿ ದಾದಿಯಾಗಿ ಸೇರಿದರು. ನೆಪೋಲಿಯನ್ನನ ಯುದ್ಧಗಳು ಮುಗಿದು ಎರಡು ವರ್ಷಗಳಷ್ಟೇ ಆಗಿದ್ದವು. ಆಸ್ಪತ್ರೆಯಲ್ಲಿ ರೋಗಿಗಳು ತುಂಬಿ ತುಳುಕುತ್ತಿದ್ದರು, ಕೈಗಳು ಕಡಿಮೆಯಿದ್ದವು. ಆರು ವರ್ಷ ದುಡಿದ ಜೀನ್ ಕೊನೆಗೆ ಮೈ ಸೋತು ಆ ಕೆಲಸವನ್ನು ಬಿಡಬೇಕಾಯಿತು. ಜೀವನಚರಿತ್ರೆ ಬರೆದವರು ಇದನ್ನು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುವುದುಂಟು. ನಮಗೆ ಮಾತ್ರ ಇದು ಮುಖ್ಯವೆನಿಸುತ್ತದೆ. ಮುಂದೆ ಸಂತರಾಗಲಿದ್ದವರು ಕೂಡ, ರೋಗಿಗಳು ಹೆಚ್ಚಾಗಿ ಕೈಗಳು ಕಡಿಮೆಯಾದ ಸ್ಥಳದಲ್ಲಿ ದಣಿದು ಹೊರಬಂದರು. ಆರೈಕೆ ಅರ್ಧಕ್ಕೆ ನಿಲ್ಲುವುದು ಯಾವಾಗಲೂ ಹೃದಯ ಕಲ್ಲಾದುದರಿಂದಲ್ಲ.

ಈ ಮಾತನ್ನು ಇಂದಿನ ಶುಶ್ರೂಷಾ ಶಾಸ್ತ್ರವೂ ಹೇಳುತ್ತದೆ. 2006ರಲ್ಲಿ ಅಮೆರಿಕದ ಬಿಯಾಟ್ರಿಸ್ ಕಾಲಿಶ್ ಎಂಬ ಸಂಶೋಧಕಿ ಆಸ್ಪತ್ರೆಗಳ ದಾದಿಯರೊಡನೆ ಮಾತನಾಡಿ, ಅವರಿಂದ ಬಿಟ್ಟುಹೋಗುವ ಕೆಲಸಗಳು ಯಾವುವೆಂದು ಗುರುತಿಸಿದರು. ರೋಗಿಯನ್ನು ನಡೆದಾಡಿಸುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು, ಹೊತ್ತಿಗೆ ಸರಿಯಾಗಿ ಉಣಿಸುವುದು, ಮೈ ಶುಚಿಗೊಳಿಸುವುದು, ಪಕ್ಕದಲ್ಲಿ ಕುಳಿತು ನಾಲ್ಕು ಸಮಾಧಾನದ ಮಾತನಾಡುವುದು ಇವೆಲ್ಲ ಆ ಪಟ್ಟಿಯಲ್ಲಿದ್ದವು. ಔಷಧಿ, ಇಂಜೆಕ್ಷನ್‌ಗಳನ್ನು ಬಿಟ್ಟರೆ ಯಾರಾದರೂ ಕೇಳುತ್ತಾರೆ. ಇವುಗಳನ್ನು ಬಿಟ್ಟರೆ ಕೇಳುವವರಿಲ್ಲ. ವೃದ್ಧಾಶ್ರಮಗಳಲ್ಲಿ ಇವುಗಳ ಪರಿಣಾಮ ಇನ್ನೂ ಕಠಿಣ, ಏಕೆಂದರೆ ಅಲ್ಲಿರುವವರು ನಾಲ್ಕು ದಿನ ಇದ್ದು ಮನೆಗೆ ಹೋಗುವವರಲ್ಲ. ಮಗ್ಗುಲು ಬದಲಿಸದೆ ಬಿಟ್ಟ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ನಡೆದಾಡಿಸದೆ ಬಿಟ್ಟ ಕಾಲು ಕೆಲವೇ ವಾರಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಮುಂದೊಂದು ದಿನ ಶೌಚಾಲಯಕ್ಕೆ ಒಬ್ಬರೇ ಹೊರಟಾಗ ಬಿದ್ದು ಮೂಳೆ ಮುರಿಯುತ್ತದೆ. ಕೈಗೆಟುಕದ ನೀರಿನಿಂದ ಮೈಯಲ್ಲಿ ನೀರಿನಂಶ ಬತ್ತಿ, ಮುದುಕರಿಗೆ ಬುದ್ಧಿ ಕದಡಿದಂತಾಗುತ್ತದೆ.

ಬಾಯಿ ಸ್ವಚ್ಛ ಮಾಡುವಷ್ಟು ಚಿಕ್ಕ ಕೆಲಸವೂ ಜೀವದ ಪ್ರಶ್ನೆಯೆಂಬುದನ್ನು ಜಪಾನ್ ದೇಶದ ವೈದ್ಯರು ಅಂಕಿಗಳಲ್ಲಿ ತೋರಿಸಿದ್ದಾರೆ. ಅಲ್ಲಿನ 11 ಶುಶ್ರೂಷಾ ಗೃಹಗಳ ವೃದ್ಧರನ್ನು ಎರಡು ವರ್ಷಗಳ ಕಾಲ ಗಮನಿಸಿ 1999ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಊಟದ ನಂತರ ಸಹಾಯಕರು ತಪ್ಪದೆ ಹಲ್ಲುಜ್ಜಿಸಿದ 184 ಮಂದಿಯಲ್ಲಿ 21 ಮಂದಿಗೆ ನ್ಯುಮೋನಿಯಾ ಬಂದಿತು. ಹಾಗೆ ಮಾಡದ 182 ಮಂದಿಯಲ್ಲಿ 34 ಮಂದಿಗೆ ಬಂದಿತು. ಮಧ್ಯೆ ಇದ್ದುದು ಒಂದು ಬ್ರಷ್ ಮತ್ತು ಕೆಲವು ನಿಮಿಷ. ಕೆಲಸವನ್ನು ಹೀಗೆ ಅರ್ಧಕ್ಕೆ ಬಿಟ್ಟು ಮನೆಗೆ ಹೋಗಬೇಕಾದ ದಾದಿಯರೂ ನೆಮ್ಮದಿಯಿಂದಿರುವುದಿಲ್ಲ. ಬೇಸತ್ತು ಹಲವರು ಕೆಲಸ ಬಿಡುತ್ತಾರೆ. ಉಳಿದವರ ಕೈಗಳು ಇನ್ನಷ್ಟು ಸಾಲದಾಗುತ್ತವೆ.

ಜೀನ್ ಅವರ ಕಥೆಗೆ ಮರಳೋಣ. ರೊಸೇ ಆಸ್ಪತ್ರೆಯನ್ನು ಬಿಟ್ಟ ಅವರನ್ನು ಕುಮಾರಿ ಲೆಕಾಕ್ ಎಂಬ ವಯಸ್ಸಾದ ಭಕ್ತೆ ತಮ್ಮ ಮನೆಗೆ ಕರೆದುಕೊಂಡರು. ಹೆಸರಿಗೆ ಜೀನ್ ಅಲ್ಲಿ ಸೇವಕಿ; ನಿಜದಲ್ಲಿ ಇಬ್ಬರೂ ಸಹೋದರಿಯರಂತೆ ಬಾಳಿದರು. ಪ್ರತಿದಿನ ಬಲಿಪೂಜೆಗೆ ಹೋಗುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ಬಡವರ ಮನೆಗಳಿಗೆ ಭೇಟಿ ಕೊಡುವುದು ಎಲ್ಲವೂ ಜತೆಯಲ್ಲಿ. ಹನ್ನೆರಡು ವರ್ಷ ಹೀಗೆ ನಡೆಯಿತು. 1835ರಲ್ಲಿ ಲೆಕಾಕ್ ತೀರಿಕೊಳ್ಳುವವರೆಗೂ ಜೀನ್ ಅವರನ್ನು ನೋಡಿಕೊಂಡರು. ಆಸ್ಪತ್ರೆಯಲ್ಲಿ ಅನೇಕರಿಗೆ ಸ್ವಲ್ಪ ಸ್ವಲ್ಪ ಹಂಚಬೇಕಾಗಿದ್ದ ಜೀನ್ ಇಲ್ಲಿ ಒಬ್ಬರಿಗೆ ಪೂರ್ಣವಾಗಿ ಕೊಡಲು ಸಾಧ್ಯವಾಯಿತು. ಊಟದ ತಟ್ಟೆ ಇಟ್ಟು ಹೋಗುವುದಕ್ಕೂ ಉಂಡು ಮುಗಿಯುವವರೆಗೆ ಪಕ್ಕದಲ್ಲಿರುವುದಕ್ಕೂ ಇರುವ ಅಂತರ ಅವರಿಗೆ ಈ ಎರಡು ಮನೆಗಳಲ್ಲಿ ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ. ಮುಂದೆ ಅವರು ಕಟ್ಟಿದ ಆಶ್ರಮಗಳು, ಆ ಒಬ್ಬ ವೃದ್ಧೆಗೆ ಕೊಟ್ಟದ್ದನ್ನೇ ನೂರಾರು ಮಂದಿಗೆ ಕೊಡುವ ಪ್ರಯತ್ನವೆಂದು ನಮಗೆ ತೋರುತ್ತದೆ.

ನಂತರ ಜೀನ್, ಫ್ರಾನ್ಸ್ವಾಸ್ ಓಬೇರ್ ಎಂಬ ಎಪ್ಪತ್ತು ದಾಟಿದ ಗೆಳತಿಯೊಡನೆ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿದರು. ವರ್ಜಿನಿ ಎಂಬ ಹದಿನೇಳರ ಅನಾಥ ಹುಡುಗಿಯೂ ಬಂದು ಸೇರಿದಳು. ಮುದುಕಿ ಮನೆಯಲ್ಲಿ ನೂಲುವರು, ಜೀನ್ ಹೊರಗೆ ಬಟ್ಟೆ ಒಗೆದು, ಮನೆಗೆಲಸ ಮಾಡಿ ದಿನಗೂಲಿ ತರುವರು. 1839ರ ಚಳಿಗಾಲದಲ್ಲಿ ಆನ್ ಶೋವಾನ್ ಎಂಬ ಕುರುಡು ವಿಧವೆಯ ಸುದ್ದಿ ಅವರ ಕಿವಿಗೆ ಬಿದ್ದಿತು. ಪಾರ್ಶ್ವವಾಯು ಬಡಿದಿದ್ದ ಆ ವೃದ್ಧೆಯನ್ನು ಅದುವರೆಗೆ ನೋಡಿಕೊಳ್ಳುತ್ತಿದ್ದ ತಂಗಿ ತಾನೇ ಆಸ್ಪತ್ರೆ ಸೇರಿದ್ದಳು. ಜೀನ್ ಆಕೆಯನ್ನು ಬೆನ್ನ ಮೇಲೆ ಹೊತ್ತು, ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿಸಿ ತಂದು ತಮ್ಮದೇ ಹಾಸಿಗೆಯಲ್ಲಿ ಮಲಗಿಸಿದರು. ತಾವು ಅಟ್ಟದ ಮೇಲೆ ಮಲಗಿದರು. ಕೆಲ ಕಾಲದಲ್ಲೇ ಇನ್ನೊಬ್ಬ ಮುದುಕಿ ಬಂದರು. ಯಜಮಾನರು ದಿವಾಳಿಯಾದಾಗಲೂ ಬಿಡದೆ, ತನ್ನ ಉಳಿತಾಯವನ್ನು ಅವರಿಗೇ ಸುರಿದು, ಕೊನೆಗೆ ಅವರಿಗಾಗಿ ಭಿಕ್ಷೆಯನ್ನೂ ಬೇಡಿದ ಸೇವಕಿ ಆಕೆ. ಯಜಮಾನರು ತೀರಿದ ಮೇಲೆ ಆಕೆಗೆ ಯಾರೂ ಇರಲಿಲ್ಲ.

ಮನೆ ಸಾಲದಾಯಿತು. 1841ರಲ್ಲಿ ಹಳೆಯ ಮದ್ಯದಂಗಡಿಯ ದೊಡ್ಡ ಕೋಣೆಯೊಂದನ್ನು ಹಿಡಿದು ಹನ್ನೆರಡು ವೃದ್ಧೆಯರಿಗೆ ಮಂಚಗಳನ್ನು ಹಾಕಲಾಯಿತು. ಮರುವರ್ಷ ಹಳೆಯ ಮಠದ ಕಟ್ಟಡವೊಂದನ್ನು ಕೊಂಡರು. ಮರಿ ಜಾಮೆ, ಮದೆಲೇನ್ ಬೂರ್ಜ್ ಮೊದಲಾದ ತರುಣಿಯರು ಜೀನ್ ಅವರ ಜತೆಗೂಡಿದರು. ಮುದುಕರನ್ನೂ ಅವರು ಕೈಬಿಡಲಿಲ್ಲ. ತೇವದ ನೆಲಮಾಳಿಗೆಯಲ್ಲಿ ಕೊಳೆತ ಹುಲ್ಲಿನ ಮೇಲೆ ಬಿದ್ದಿದ್ದ ಎಪ್ಪತ್ತೆರಡು ವರ್ಷದ ನಾವಿಕನೊಬ್ಬನನ್ನು ಕರೆತಂದು, ಶುಚಿಗೊಳಿಸಿ, ಬೇರೆ ಬಟ್ಟೆ ಉಡಿಸಿದರು.

ಆ ವೃದ್ಧೆಯರಲ್ಲಿ ಹಲವರು ಊರಿನಲ್ಲಿ ಬೇಡಿ ಬದುಕುತ್ತಿದ್ದವರು. ಆಶ್ರಮ ಸೇರಿದ ಮೇಲೂ ಅವರು ಬೇಡಲು ಹೋದರೆ ಚಳಿಯಲ್ಲಿ ನಡುಗಬೇಕು, ಕೆಲವರು ಸಿಕ್ಕ ಕಾಸನ್ನು ಕುಡಿತಕ್ಕೂ ಹಾಕುತ್ತಿದ್ದರು. ಆಗ ಜೀನ್ ಒಂದು ನಿರ್ಧಾರಕ್ಕೆ ಬಂದರು. ಯಾರು ಯಾರ ಮನೆಯಲ್ಲಿ ಬೇಡುತ್ತಿದ್ದರೋ ಕೇಳಿ ತಿಳಿದುಕೊಂಡು, ಬುಟ್ಟಿ ಹಿಡಿದು ಅವರ ಪರವಾಗಿ ತಾವೇ ಆ ಬಾಗಿಲುಗಳಿಗೆ ಹೋದರು. ದೇವದಾಸ ಸಂತ ಯೊವಾನ್ನರ ಸಭೆಯ ಸಹೋದರರು ಈ ಭಿಕ್ಷಾಟನೆಯಲ್ಲಿ ಅವರಿಗೆ ಧೈರ್ಯ ತುಂಬಿದರು. ಸ್ವಾಭಿಮಾನಿಯಾದ ಬ್ರಿಟನಿಯ ಹೆಣ್ಣುಮಗಳಿಗೆ ಇದು ಸುಲಭದ ಕೆಲಸವಾಗಿರಲಿಲ್ಲ. ಒಮ್ಮೆ ಒಬ್ಬಾತ ಕೋಪದಿಂದ ಅವರ ಕೆನ್ನೆಗೆ ಹೊಡೆದನಂತೆ. ಆ ಏಟು ತಮಗೆ ಸಂದಿತೆಂದೂ, ಈಗ ತಮ್ಮ ಬಡವರಿಗೆ ಏನಾದರೂ ಕೊಡಬೇಕೆಂದೂ ಅವರು ಶಾಂತರಾಗಿ ಕೇಳಿದರೆಂಬ ಕಥೆ ಇಂದಿಗೂ ಅವರ ಆಶ್ರಮಗಳಲ್ಲಿ ಪ್ರಚಲಿತವಾಗಿದೆ.

ನಾವು ಇಲ್ಲಿ ಗಮನಿಸಬೇಕಾದುದು ಮನೆಯೊಳಗಿನ ಏರ್ಪಾಟನ್ನು. ಸಹೋದರಿಯರು ವೃದ್ಧರೊಡನೆ ಒಂದೇ ಸೂರಿನಡಿ ವಾಸಿಸಿದರು. ಭಿಕ್ಷೆಯಲ್ಲಿ ಬಂದುದನ್ನು ಮೊದಲು ವೃದ್ಧರಿಗೆ ಬಡಿಸಿ, ಉಳಿದುದನ್ನು ತಾವು ಉಂಡರು. ಕೈಯಲ್ಲಿ ಶಕ್ತಿಯಿದ್ದ ಅಜ್ಜಿಯರಿಗೆ ನೂಲುವ, ಹೆಣೆಯುವ ಕೆಲಸ ಇದ್ದೇ ಇರುತ್ತಿತ್ತು. ಮುದುಕರನ್ನು ಸಾಲಾಗಿ ಕೂರಿಸಿ ಗೋಡೆ ನೋಡುತ್ತಿರುವಂತೆ ಬಿಡುವುದು ಆ ಮನೆಯ ರೀತಿಯಾಗಿರಲಿಲ್ಲ. ಎರಡು ಪಾಳಿಗಳ ನಡುವೆ ಬಿಟ್ಟುಹೋಗುವ ಕೆಲಸಗಳೆಂಬವು ಅಲ್ಲಿ ಇರಲು ಸಾಧ್ಯವಿರಲಿಲ್ಲ, ಏಕೆಂದರೆ ಮನೆಗೆ ಹೋಗುವ ಪಾಳಿಯೇ ಅಲ್ಲಿರಲಿಲ್ಲ. ಹಾಗೆಂದು ಸಂಬಳಕ್ಕೆ ದುಡಿಯುವ ಇಂದಿನ ದಾದಿಯರು ಹಗಲಿರುಳು ನಿಲ್ಲಬೇಕೆಂದು ನಾವು ಹೇಳುತ್ತಿಲ್ಲ. ರೊಸೇ ಆಸ್ಪತ್ರೆಯಲ್ಲಿ ಜೀನ್ ಅವರಿಗೇ ಆದದ್ದನ್ನು ಮೇಲೆ ಕಂಡೆವು. ಕೈಗಳು ಸಾಲದಾದಾಗ ಅವರು ಕಂಡುಕೊಂಡ ಪರಿಹಾರ ಇನ್ನಷ್ಟು ಕೈಗಳನ್ನು ಕೂಡಿಸುವುದೇ ಆಗಿತ್ತು.

ಊರಿನ ಗಣ್ಯರು ಮನವಿ ಸಲ್ಲಿಸಿದ್ದರಿಂದ 1845ರ ಡಿಸೆಂಬರಿನಲ್ಲಿ ಫ್ರೆಂಚ್ ಅಕಾಡೆಮಿಯು ಜೀನ್ ಅವರಿಗೆ ಮೊಂತಿಯೊನ್ ಬಹುಮಾನವಾಗಿ 3000 ಫ್ರಾಂಕ್‌ಗಳನ್ನು ನೀಡಿತು. ಅಂದಿನ ಅಭಿನಂದನಾ ಭಾಷಣದ ಮುದ್ರಿತ ಪ್ರತಿಯನ್ನು ಅವರು ಭಿಕ್ಷಾಟನೆಗೆ ಹೋದಲ್ಲೆಲ್ಲ ಪರಿಚಯಪತ್ರದಂತೆ ಬಳಸಿಕೊಂಡರು. ರೆನ್, ದಿನಾನ್, ತೂರ್, ಆಂಜೆ ಪಟ್ಟಣಗಳಲ್ಲಿ ಹೊಸ ಆಶ್ರಮಗಳು ಎದ್ದವು.

ಆದರೆ ಇಷ್ಟರಲ್ಲಿ ಮನೆಯೊಳಗೆ ನೋವಿನ ಪ್ರಸಂಗವೊಂದು ನಡೆದಿತ್ತು. ಸಹೋದರಿಯರಿಗೆ ಮಾರ್ಗದರ್ಶನ ಮಾಡುತ್ತಿದ್ದ ಯುವ ಯಾಜಕ ಲ ಪಾಯರ್, 1843ರ ಡಿಸೆಂಬರಿನಲ್ಲಿ ಮತ್ತೆ ಮುಖ್ಯಸ್ಥೆಯಾಗಿ ಚುನಾಯಿತರಾದ ಜೀನ್ ಅವರ ಆಯ್ಕೆಯನ್ನು ತಾವಾಗಿಯೇ ರದ್ದುಪಡಿಸಿ, ಇಪ್ಪತ್ಮೂರು ವರ್ಷದ ಮರಿ ಜಾಮೆಯನ್ನು ಆ ಸ್ಥಾನದಲ್ಲಿ ಕೂರಿಸಿದರು. 1852ರಲ್ಲಿ ರೆನ್ ಧರ್ಮಪ್ರಾಂತ್ಯದ ಬಿಷಪರಿಂದ ಸಭೆಗೆ ಮನ್ನಣೆ ದೊರೆತ ಮೇಲೆ ಜೀನ್ ಅವರನ್ನು ಭಿಕ್ಷಾಟನೆಯಿಂದಲೂ ಹಿಂದಕ್ಕೆ ಕರೆಸಿ, ಮಾತೃಮಠದೊಳಗೆ ಯಾವ ಅಧಿಕಾರವೂ ಇಲ್ಲದೆ ಇರಿಸಲಾಯಿತು. ಕಾಲಕ್ರಮೇಣ ಸಭೆಯ ಸ್ಥಾಪಕರು ಲ ಪಾಯರ್ ಅವರೇ ಎಂದೂ, ಜೀನ್ ಮೂರನೆಯವರಾಗಿ ಬಂದು ಸೇರಿದವರೆಂದೂ ಹೊಸಬರಿಗೆ ಹೇಳಿಕೊಡಲಾಯಿತು. ಪವಿತ್ರ ಕಾರ್ಯವೊಂದರ ನಡುವೆ ಇಂಥ ಅನ್ಯಾಯ ಹೇಗೆ ನಡೆಯಿತೆಂದು ಓದುಗರು ಕೇಳಬಹುದು. ನಡೆಯಿತು, ಅದನ್ನು ಮರೆಮಾಡಿ ಸಂತರ ಚರಿತ್ರೆಯನ್ನು ಬರೆಯುವುದು ನಮಗೆ ಸರಿ ಕಾಣುವುದಿಲ್ಲ. ಜೀನ್ ತಮ್ಮ ಪರವಾಗಿ ವಾದಿಸಲಿಲ್ಲ. ಶಿಲುಬೆಯ ಮರಿಯ ಎಂಬ ಧಾರ್ಮಿಕ ಹೆಸರಿನಲ್ಲಿ ಇಪ್ಪತ್ತೇಳು ವರ್ಷ ಮರೆಯಲ್ಲೇ ಬಾಳಿದರು.

1856ರಿಂದ ಅವರ ವಾಸ ಸೇಂಟ್ ಪರ್ನ್ ಎಂಬ ಹಳ್ಳಿಯ ದೊಡ್ಡ ಮಠದಲ್ಲಿ. ತರಬೇತಿಗೆ ಬಂದ ತರುಣಿಯರ ನಡುವೆ ಅವರ ದಿನಗಳು ಕಳೆದವು. ಬಡವರ ಆರೈಕೆಯನ್ನು ಸಣ್ಣ ಸಣ್ಣ ಸಂಗತಿಗಳ ಮೂಲಕವೇ ಅವರು ಆ ಹುಡುಗಿಯರಿಗೆ ತಿಳಿಸಿಕೊಡುತ್ತಿದ್ದರು. ವೃದ್ಧರಲ್ಲಿ ಪ್ರಭು ಯೇಸುವನ್ನೇ ಕಾಣಬೇಕೆಂಬುದು ಅವರ ಬೋಧನೆಯ ತಿರುಳು. ಮುಪ್ಪು ಅವರನ್ನೂ ಬಿಡಲಿಲ್ಲ. ಕಣ್ಣು ಮಂಜಾಯಿತು, ಊರುಗೋಲು ಕೈಗೆ ಬಂದಿತು. ತಾವು ಆರಂಭಿಸಿದ ಸಭೆಯ ಮನೆಯಲ್ಲೇ ಅವರೂ ಆರೈಕೆಗೆ ಒಳಪಟ್ಟ ಒಬ್ಬ ಮುದುಕಿಯಾದರು.

ಆ ದೀರ್ಘ ಮೌನದ ನಡುವೆ ಒಮ್ಮೆ ಮಾತ್ರ ಅವರ ಅಭಿಪ್ರಾಯವನ್ನು ಕೇಳಲಾಯಿತು. 1865ರಲ್ಲಿ, ಸಭೆಯು ಕಾಯಂ ಆದಾಯ ತರುವ ನಿಧಿಗಳನ್ನು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಎದ್ದಿತು. ದಿನದಿನದ ದಾನವನ್ನೇ ನಂಬಿ ಬಂದಂತೆ ಮುಂದೆಯೂ ನಡೆಯಬೇಕೆಂಬುದು ಜೀನ್ ಅವರ ನಿಲುವಾಗಿತ್ತು. ಆಡಳಿತ ಮಂಡಳಿ ಅದನ್ನು ಒಪ್ಪಿತು. ಆ ತೀರ್ಮಾನದ ಕೆಳಗೆ ಅವರ ರುಜುವೂ ಇದೆ. ಎಲ್ಲ ಆಶ್ರಮಗಳೂ ಈ ದಾರಿಯಲ್ಲಿ ನಡೆಯಬಲ್ಲವೆಂದು ನಮಗೆ ಅನಿಸುವುದಿಲ್ಲ. ಆದರೆ ದಾನಕ್ಕಾಗಿ ಊರಿನ ಬಾಗಿಲು ತಟ್ಟುವ ಆಶ್ರಮದ ಬಾಗಿಲನ್ನು ಊರೂ ತಟ್ಟುತ್ತದೆ. ಒಳಗೆ ನಡೆಯುವುದು ಹೊರಗಿನವರ ಕಣ್ಣಿಗೆ ಬೀಳುತ್ತದೆ.

1879ರ ಮಾರ್ಚ್ 1ರಂದು ಪೋಪ್ ಹದಿಮೂರನೆಯ ಲಿಯೋ ಜಗದ್ಗುರುಗಳು ಸಭೆಯ ಸಂವಿಧಾನಕ್ಕೆ ಒಪ್ಪಿಗೆಯಿತ್ತರು. ಅದೇ ವರ್ಷ ಆಗಸ್ಟ್ 29ರಂದು ಎಂಬತ್ತಾರನೆಯ ವಯಸ್ಸಿನಲ್ಲಿ ಜೀನ್ ಪ್ರಭುವಿನಲ್ಲಿ ಐಕ್ಯರಾದರು. ಆಗ ಸಭೆಯಲ್ಲಿ ಸುಮಾರು 2400 ಸಹೋದರಿಯರಿದ್ದರು; ತಮ್ಮ ಸಭೆಯ ಮೊದಲನೆಯವರು ತೀರಿಕೊಂಡರೆಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. 1890ರಲ್ಲಿ ರೋಮ್ ವಿಚಾರಣೆ ನಡೆಸಿ ಲ ಪಾಯರ್ ಅವರನ್ನು ಅಧಿಕಾರದಿಂದ ಇಳಿಸಿತು. ಮರಿ ಜಾಮೆ 1893ರಲ್ಲಿ ಸಾಯುವ ಮುನ್ನ, ಮೊದಲಿಗರು ತಾನಲ್ಲವೆಂಬ ಸತ್ಯವನ್ನು ಒಪ್ಪಿಕೊಂಡರು. 1982ರ ಅಕ್ಟೋಬರ್ 3ರಂದು ಪೋಪ್ ಎರಡನೆಯ ಜಾನ್ ಪೌಲ್ ಜೀನ್ ಅವರನ್ನು ಧನ್ಯರೆಂದು ಸಾರಿದರು. 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್, ಕುಷ್ಠರೋಗಿಗಳ ಸೇವಕ ಡೇಮಿಯನ್ ಅವರೊಡನೆ ಅವರನ್ನೂ ಸಂತ ಪದವಿಗೇರಿಸಿದರು.

ಭಾರತಕ್ಕೆ ಈ ಸಹೋದರಿಯರು ಬಂದುದು 1882ರಲ್ಲಿ, ಕಲ್ಕತ್ತೆಗೆ. 1948ರಲ್ಲಿ ಲೊರೆಟೊ ಮಠವನ್ನು ಬಿಟ್ಟು ಹೊರಬಂದ ಮದರ್ ತೆರೇಸಾ ತಮ್ಮ ಸೇವೆಯ ಮೊದಲ ದಿನಗಳಲ್ಲಿ ತಂಗಿದ್ದುದು ಅಲ್ಲಿನ ಅವರ ವೃದ್ಧಾಶ್ರಮದಲ್ಲೇ. ಬೆಂಗಳೂರಿನ ಆಶ್ರಮ 1900ರಲ್ಲಿ ಆರಂಭವಾಯಿತು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜತೆಗೆ ಅತಿಥಿಸತ್ಕಾರ ಎಂಬ ನಾಲ್ಕನೆಯ ವ್ರತವನ್ನೂ ಈ ಸಹೋದರಿಯರು ಕೈಗೊಳ್ಳುತ್ತಾರೆ. ಆಶ್ರಮದಲ್ಲಿ ಯಾರಿಗಾದರೂ ಕೊನೆಯ ಗಳಿಗೆ ಸಮೀಪಿಸಿತೆಂದು ಕಂಡಾಗ ಸಹೋದರಿಯರು ಸರದಿಯ ಮೇಲೆ ಹಗಲಿರುಳು ಆ ಹಾಸಿಗೆಯ ಪಕ್ಕದಲ್ಲಿ ಕುಳಿತಿರುತ್ತಾರೆ. ಪ್ರಾರ್ಥಿಸುತ್ತಾರೆ, ಒಣಗಿದ ತುಟಿಗಳಿಗೆ ನೀರು ತಾಗಿಸುತ್ತಾರೆ, ಉಸಿರು ನಿಲ್ಲುವವರೆಗೂ ಅಲ್ಲಿಂದ ಏಳುವುದಿಲ್ಲ.